ಕಾರ್ಡಿನ ಹಿಂಬದಿ

ಮೂವತ್ತೇಳು ವರ್ಷ ಚೂಡಾಮಣಿ ಮಾಡಿದ ಕೆಲಸ ಒಂದೇ: ಯಾವ ಬರಹ ಯಾರದ್ದು ಎಂದು ಪತ್ತೆ ಮಾಡಿ ಬರೆದಿಡುವುದು. ಜಯನಗರ ನಾಲ್ಕನೇ ಟಿ ಬ್ಲಾಕಿನ ದಕ್ಷಿಣ ವಾಚನ ಸಂಘಕ್ಕೆ ಅವಳು ಸೇರಿದ್ದು ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಮದುವೆಗೆ ಮುಂಚೆ. ಸಂಘವೆಂದರೆ ದೊಡ್ಡದೇನಲ್ಲ. ಕೆಳಗೊಂದು ಓದುವ ಹಾಲು, ಮೇಲೆ ಎರಡು ಕೋಣೆ ತುಂಬ ಹಳೆಯ ಮಾಸಪತ್ರಿಕೆಗಳು, ಮೆಟ್ಟಿಲ ಕೆಳಗೆ ಅರವತ್ತು ಖಾನೆಗಳ ತೇಗದ ಕಾರ್ಡು ಪೆಟ್ಟಿಗೆ. ಓದುಗರು ಬಂದರೆ ಮೊದಲು ಆ ಪೆಟ್ಟಿಗೆಯ ಹತ್ತಿರ ಹೋಗಬೇಕು. ಲೇಖಕರ ಹೆಸರಿನ ಖಾನೆ ಎಳೆದರೆ ಕಾರ್ಡು. ಕಾರ್ಡಿನಲ್ಲಿ ಬರಹದ ಹೆಸರು, ಪತ್ರಿಕೆ, ತಿಂಗಳು, ಪುಟ. ಎಲ್ಲ ಚೂಡಾಮಣಿಯ ದುಂಡನೆಯ ಅಕ್ಷರದಲ್ಲಿ.

ಹಳೆಯ ಪತ್ರಿಕೆಗಳಲ್ಲಿ ಅರ್ಧಕ್ಕರ್ಧ ಜನ ತಮ್ಮ ಹೆಸರಿನಲ್ಲಿ ಬರೆದವರಲ್ಲ. 'ಅಡುಗೆಮನೆಯ ಅಜ್ಜಿ' ಎಂಬ ಅಂಕಣವನ್ನು ಆರು ವರ್ಷ ಬರೆದದ್ದು ಚಾಮರಾಜಪೇಟೆಯ ಒಬ್ಬ ಬ್ರಹ್ಮಚಾರಿ ಮೇಷ್ಟ್ರು. ಒಂದೇ ಹೆಸರಿನ ಇಬ್ಬರು ಬಸವನಗುಡಿಯ ಒಂದೇ ಬೀದಿಯಲ್ಲಿದ್ದರು. ಒಬ್ಬರದು ಕವಿತೆ, ಇನ್ನೊಬ್ಬರದು ಕೋಳಿ ಸಾಕಣೆಯ ಲೇಖನ. ಯಾರನ್ನೂ ಯಾರೊಂದಿಗೂ ಬೆರೆಸದ ಹಾಗೆ ಬೇರೆ ಬೇರೆ ಕಾರ್ಡು ಮಾಡಬೇಕು. ಇದಕ್ಕಾಗಿ ಚೂಡಾಮಣಿ ಶನಿವಾರಗಳಲ್ಲಿ ಬಸ್ಸು ಹತ್ತಿ ಮನೆ ಮನೆ ತಿರುಗುತ್ತಿದ್ದಳು. ಸಂಬಳಕ್ಕೆ ಸೇರದ ಕೆಲಸ ಅದು. ಗಂಡ ಜಯಸಿಂಹ, "ನಿನ್ನನ್ನ ಪತ್ತೇದಾರಿ ಇಲಾಖೆಗೆ ಸೇರಿಸ್ಬೇಕಿತ್ತು ಕಣೇ," ಎಂದು ರೇಗಿಸುತ್ತಿದ್ದ. ಹಾಗೆ ಸಿಕ್ಕ ವಿವರವನ್ನೆಲ್ಲ ಅವಳು ಕಾರ್ಡಿನ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಬರೆಯುತ್ತಿದ್ದಳು. ಮುಂದೆ ಅಚ್ಚಾದ ಹೆಸರು, ಹಿಂದೆ ನಿಜವಾದ ಮನುಷ್ಯ.

ಎರಡು ಸಾವಿರದ ಎಂಟರಲ್ಲಿ, ನಿಂತುಹೋಗಿದ್ದ 'ಕಿರುಜಗತ್ತು' ಮಾಸಪತ್ರಿಕೆಯ ಸಂಪಾದಕರ ಮಗ ಅಪ್ಪನ ಕಾಗದಪತ್ರಗಳ ಒಂದು ಕಟ್ಟನ್ನು ಸಂಘಕ್ಕೆ ತಂದುಕೊಟ್ಟರು. ಅದರಲ್ಲಿ ಚೂಡಾಮಣಿಗೆ ಒಂದು ಇನ್‌ಲ್ಯಾಂಡ್ ಕಾಗದ ಸಿಕ್ಕಿತು. ಐವತ್ತೆಂಟನೆಯ ಇಸವಿಯದು. "ಕಥೆ ತಮಗೆ ಒಪ್ಪಿಗೆಯಾದರೆ ನನ್ನ ಹೆಸರಿನ ಕೊನೆಯ ಗುಡಿಸು ತೆಗೆದು ಅಚ್ಚು ಹಾಕಿಸಿ. ಜಯದೇವ ಎಂದಿದ್ದರೆ ಸಾಕು. ಪತ್ರಿಕೆಯನ್ನು ಪಕ್ಕದ ಮನೆ ಮರಿಯಮ್ಮನವರ ವಿಳಾಸಕ್ಕೆ ಕಳಿಸಬೇಕಾಗಿ ಬೇಡುತ್ತೇನೆ." ಕೆಳಗೆ ಸಹಿ: ಜಯದೇವಿ ಶಂಭುಲಿಂಗಪ್ಪ, ಜಯನಗರ.

ಚೂಡಾಮಣಿ ಮೇಲಿನ ಕೋಣೆಗೆ ಓಡಿದಳು. ಕಿರುಜಗತ್ತಿನಲ್ಲಿ ಐವತ್ತೆಂಟರಿಂದ ಅರವತ್ತಮೂರರವರೆಗೆ 'ಜಯದೇವ' ಎಂಬ ಹೆಸರಿನಲ್ಲಿ ಒಂಬತ್ತು ಕಥೆಗಳಿದ್ದವು. ಆ ಹೆಸರಿನ ಒಬ್ಬ ದೊಡ್ಡ ವಿಮರ್ಶಕರಿದ್ದರು, ಹುಲ್ಲೂರು ಜಯದೇವ ಎಂಬ ಪ್ರೊಫೆಸರು; ಚಿಕ್ಕ ವಯಸ್ಸಿನಲ್ಲಿ, ಶುರುವಿಗೆ, ಅವರೂ ಬರೀ 'ಜಯದೇವ' ಎಂದೇ ಬರೆಯುತ್ತಿದ್ದರು. ಕಥೆಗಳೂ ಅವರದೇ ಇರಬೇಕೆಂದು ಚೂಡಾಮಣಿಯೂ ತಿಳಿದಿದ್ದಳು. ಅಂದು ಸಂಜೆಯವರೆಗೆ ಕೂತು ಒಂಬತ್ತನ್ನೂ ಓದಿದಳು. 'ಹೊರಗಿನ ಬೀಗ' ಎಂಬ ಕಥೆಯಲ್ಲಿ ಗಂಡ ಕಚೇರಿಗೆ ಹೊರಡುವಾಗ ಹೆಂಡತಿಯನ್ನು ಒಳಗಿಟ್ಟು ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಾನೆ. ಹಲವು ವರ್ಷ ಹೀಗೇ ನಡೆದು, ಒಂದು ದಿನ ಬೀಗ ಮರೆತು ಹೋಗುತ್ತಾನೆ. ಅವಳು ಬಾಗಿಲು ತೆರೆದು ನೋಡಿ, ಮತ್ತೆ ಮುಂದೆ ಮಾಡಿಕೊಂಡು, ಸಂಜೆಯವರೆಗೆ ಒಳಗೇ ಕೂರುತ್ತಾಳೆ. ಕಥೆ ಅಲ್ಲಿಗೆ ಮುಗಿಯುತ್ತದೆ.

ಮರಿಯಮ್ಮ ತೀರಿಹೋಗಿದ್ದರು. ಅವರ ಮೊಮ್ಮಗನನ್ನು ಹುಡುಕಿ, ಅವನಿಂದ ಜಯದೇವಿಯ ಈಗಿನ ವಿಳಾಸ ತಿಳಿದು, ಚೂಡಾಮಣಿ ಪದ್ಮನಾಭನಗರದ ಮನೆಯ ಗೇಟು ತೆರೆಯುವ ಹೊತ್ತಿಗೆ ಮೂರು ಶನಿವಾರ ಕಳೆದಿದ್ದವು. ಬಾಗಿಲಿಗೆ ಬಂದವರು ಗಂಡ ಶಂಭುಲಿಂಗಪ್ಪ. ಎಂಬತ್ತರ ಹತ್ತಿರ, ಹಣೆಯ ತುಂಬ ವಿಭೂತಿ, ಇಸ್ತ್ರಿ ಹಾಕಿದ ಬಿಳಿ ಜುಬ್ಬಾ.

"ಯಾರು ಬೇಕಿತ್ತು?"

"ಜಯದೇವಿ ಮೇಡಂ ಇದ್ದಾರಾ ಸಾರ್? ಲೈಬ್ರರಿಯಿಂದ ಬಂದಿದ್ದೀನಿ. ಹಿರಿಯ ಮಹಿಳೆಯರಿಗೆ ಫ್ರೀ ಮೆಂಬರ್‌ಶಿಪ್ ಕೊಡ್ತಿದ್ದೀವಿ."

"ಅವಳಿಗ್ಯಾಕಮ್ಮ ಲೈಬ್ರರಿ? ಪೇಪರ್ ಓದೋದೇ ಕಷ್ಟ ಅವಳಿಗೆ," ಎಂದು ನಕ್ಕು, ಒಳಗೆ ಬಿಟ್ಟರು.

ಅಡುಗೆಮನೆಯಲ್ಲಿ ಚೂಡಾಮಣಿ ಕಾಗದ ತೆಗೆದು ತೋರಿಸಿದಳು. ಜಯದೇವಿಯವರು ಅದನ್ನು ದೂರದಿಂದಲೇ ನೋಡಿದರು. ಆಮೇಲೆ ಹೋಗಿ ಮಿಕ್ಸಿಯ ಸ್ವಿಚ್ಚು ಹಾಕಿದರು. ಜಾರಿನಲ್ಲಿ ಏನೂ ಇರಲಿಲ್ಲ. ಆ ಗರಗರ ಸದ್ದಿನ ಮರೆಯಲ್ಲಿ ಬಾಯಿ ಹತ್ತಿರ ತಂದು ಕೇಳಿದರು: "ಇದೆಲ್ಲಿ ಸಿಕ್ತು ನಿಮ್ಗೆ?"

"ಸಂಪಾದಕರ ಮನೆಯಲ್ಲಿ ಉಳಿದಿತ್ತು. ಆ ಒಂಬತ್ತೂ ನಿಮ್ಮದೇ ಅಲ್ವಾ ಅಮ್ಮಾ?"

"ಒಂಬತ್ತೇ. ಕಿಟಕಿಯಿಂದ ಕೊಡ್ತಿದ್ದೆ, ಮರಿಯಮ್ಮ ಪೋಸ್ಟಿಗೆ ಹಾಕ್ತಿದ್ಳು. ಪತ್ರಿಕೆ ಬಂದಾಗ ಕಿಟಕೀಲೇ ತೋರಿಸಿ ವಾಪಸ್ ತಗೊಂಡು ಹೋಗ್ತಿದ್ಳು. ಯಜಮಾನ್ರು ಮನೆ ಬದಲಾಯಿಸಿದ್ರು. ಆಮೇಲೆ ಯಾರ ಕೈಯಲ್ಲಿ ಕೊಡ್ಲಿ?"

ತಮ್ಮ ಒಂದು ಕಥೆಯೂ ಅವರ ಹತ್ತಿರ ಇರಲಿಲ್ಲ. ಚೂಡಾಮಣಿ ಜೆರಾಕ್ಸ್ ತಂದುಕೊಡುತ್ತೇನೆ ಎಂದಾಗ ಬೇಡವೆಂದು ಕೈಯಾಡಿಸಿದರು. "ಅವ್ರು ಇರೋವರ್ಗೂ ನನ್ನ ಹೆಸ್ರು ಎಲ್ಲೂ ಬರಬಾರ್ದು ರೀ. ಅವ್ರು ಹೋದ್ಮೇಲೆ ಬರೀರಿ. ನಾನಿದ್ರೂ ಬರೀರಿ, ಸತ್ರೂ ಬರೀರಿ." ಆಮೇಲೆ, "ಆ ಕಾಗದ ನನಗೆ ಕೊಟ್ಟುಬಿಡ್ರಿ," ಎಂದರು. ಕೈ ಚಾಚಿದರು.

ಸಂಘದ ಸೊತ್ತನ್ನು ಹೊರಗೆ ಯಾರಿಗೂ ಕೊಡಕೂಡದು. ಚೂಡಾಮಣಿ ಇಪ್ಪತ್ತಮೂರು ವರ್ಷದಲ್ಲಿ ಒಂದು ಚೀಟಿಯನ್ನೂ ಕೊಟ್ಟವಳಲ್ಲ. ಅಂದು ಕೊಟ್ಟಳು. ಜಯದೇವಿಯವರು ಕಾಗದವನ್ನು ಸಣ್ಣಗೆ ಹರಿದು, ಸಿಂಕಿನ ಪಕ್ಕದಲ್ಲಿದ್ದ ಕಾಫಿ ಚರಟದ ಜೊತೆ ಕಲಸಿ ಕಸದ ಬುಟ್ಟಿಗೆ ಹಾಕಿ, ಮಿಕ್ಸಿ ನಿಲ್ಲಿಸಿದರು.

ಸೋಮವಾರ ಚೂಡಾಮಣಿ 'ಜಯದೇವ' ಎಂಬ ಹೆಸರಿಗೆ ಎರಡನೆಯ ಕಾರ್ಡು ಮಾಡಿದಳು. ಮುಂದೆ ಒಂಬತ್ತು ಕಥೆಗಳ ಪಟ್ಟಿ. ಹಿಂದೆ, "ನಿಜನಾಮ ಜಯದೇವಿ, ಪದ್ಮನಾಭನಗರ. ಕೈಬರಹದ ಪತ್ರ ನೋಡಿ, ಸ್ವತಃ ಮಾತಾಡಿ ಖಚಿತಪಡಿಸಿಕೊಂಡಿದ್ದು. ಹುಲ್ಲೂರು ಜಯದೇವ ಅಲ್ಲ. ಪತಿಯ ಜೀವಿತಕಾಲದಲ್ಲಿ ಬಹಿರಂಗ ಕೂಡದು." ತಾರೀಖು, ಸಹಿ.

ಶಂಭುಲಿಂಗಪ್ಪ ಹೋದದ್ದು ಎರಡು ಸಾವಿರದ ಹತ್ತೊಂಬತ್ತರ ಕೊನೆಗೆ, ತೊಂಬತ್ತು ತುಂಬಿದ ಮೇಲೆ. ಚೂಡಾಮಣಿ ಮಾತಾಡಿಸಲು ಹೋದಾಗ ಜಯದೇವಿಯವರು ಬಾಗಿಲವರೆಗೂ ಬಂದು, "ವರ್ಷ ತುಂಬ್ಲಿ. ಆಮೇಲೆ ನಾನೇ ಫೋನ್ ಮಾಡ್ತೀನಿ," ಎಂದರು. ವರ್ಷ ತುಂಬುವ ಮೊದಲೇ ಲಾಕ್‌ಡೌನ್ ಬಂದು ಸಂಘ ಮುಚ್ಚಿತು.

ಮತ್ತೆ ಬಾಗಿಲು ತೆರೆದಾಗ ಸಂಘದ ಮಾತುಕತೆಯೇ ಬೇರೆಯಾಗಿತ್ತು. ಯಾರೋ ದಾನಿ ಮುಂದೆ ಬಂದಿದ್ದರು; ಇಡೀ ಸಂಗ್ರಹವನ್ನು ಡಿಜಿಟಲ್ ಮಾಡಿ ಜಗತ್ತಿಗೆಲ್ಲ ಬಿಡುಗಡೆ ಮಾಡುವುದು. ಕಾರ್ಯದರ್ಶಿಗಳ ಅಕ್ಕನ ಮಗ ವಸಿಷ್ಠನಿಗೆ ಕೆಲಸ ವಹಿಸಲಾಯಿತು. ಮೂವತ್ತೈದರ ಚುರುಕು ಮನುಷ್ಯ, ಮಾತಿನಲ್ಲಿ ಮರ್ಯಾದೆ ತಪ್ಪದವನು. ಅರೆಕೆರೆಯಿಂದ ಹತ್ತು ಜನ ಡೇಟಾ ಎಂಟ್ರಿಯವರು ಬಂದು ಓದುವ ಹಾಲಿನಲ್ಲಿ ಕೂತರು. ಪತ್ರಿಕೆಗಳು ಒಂದು ಕಡೆ ಸ್ಕ್ಯಾನ್ ಆದವು, ಕಾರ್ಡುಗಳು ಇನ್ನೊಂದು ಕಡೆ. ಚೂಡಾಮಣಿಗೆ ಖುಷಿಯೇ ಆಗಿತ್ತು. ಬೀದರಿನಲ್ಲಿ ಕೂತವರೂ ತನ್ನ ಕಾರ್ಡು ನೋಡಬಹುದಲ್ಲ ಎಂದು ಮನೆಯಲ್ಲಿ ಎರಡು ಸಲ ಹೇಳಿಕೊಂಡಿದ್ದಳು.

ನಾಲ್ಕು ತಿಂಗಳ ನಂತರ ವಸಿಷ್ಠ ಅವಳನ್ನು ಪರದೆಯ ಮುಂದೆ ಕೂರಿಸಿದ.

"ನೋಡಿ ಮೇಡಂ, ಮೂವತ್ತೆಂಟು ಸಾವಿರ ಎಂಟ್ರಿ. ಹೆಸರು ಟೈಪ್ ಮಾಡಿದ್ರೆ ಅರ್ಧ ಸೆಕೆಂಡಲ್ಲಿ ಬರತ್ತೆ."

ಚೂಡಾಮಣಿ ಒಂದೆರಡು ಹೆಸರು ಹುಡುಕಿಸಿದಳು. "ಹಿಂಬದಿ ಎಲ್ಲಿ?"

"ಹಿಂಬದಿ ಅಂದ್ರೆ?"

"ಕಾರ್ಡಿನ ಹಿಂದೆ ಬರೆದಿದ್ನಲ್ಲ, ಅದು."

"ಓ, ಬ್ಯಾಕ್ ಸೈಡಾ? ಅದು ಈಗಿನ ಪ್ಲಾನಲ್ಲಿ ಇರ್ಲಿಲ್ಲ ಮೇಡಂ. ಫ್ರಂಟ್ ಮಾತ್ರ ಸ್ಕ್ಯಾನ್ ಆಗಿರೋದು. ಫೇಸ್ ಟೂನಲ್ಲಿ ಮಾಡ್ಸೋಣ."

"ಒಂದೇ ಹೆಸರಿನ ಇಬ್ಬರು ಇದ್ರೆ ಹೇಗೆ ಗೊತ್ತಾಗತ್ತೆ ಇದಕ್ಕೆ?"

"ಒಂದೇ ಹೆಸರು ಇದ್ರೆ ಸಿಸ್ಟಮ್ಮು ಒಂದೇ ಲೇಖಕ ಅಂತ ತಗೊಳತ್ತೆ. ತಪ್ಪಿದ್ರೆ ಆಮೇಲೆ ಸರಿಮಾಡ್ಬಹುದು, ಅದೇನು ದೊಡ್ಡ ವಿಷ್ಯ ಅಲ್ಲ."

ಸುಮಾರು ಆರು ಸಾವಿರ ಕಾರ್ಡುಗಳಿಗೆ ಹಿಂಬರಹವಿತ್ತು. ಚೂಡಾಮಣಿ ಕಾರ್ಯದರ್ಶಿಗಳ ಬಳಿ ಹೋಗಿ ಹೇಳಿದಳು. ಅವರು ಕೇಳಿಸಿಕೊಂಡರು. ಉದ್ಘಾಟನೆಗೆ ಹದಿನೈದು ದಿನ ಉಳಿದಿತ್ತು, ಆಹ್ವಾನಪತ್ರಿಕೆ ಅಚ್ಚಾಗಿತ್ತು. ಅದೇ ವೇದಿಕೆಯಲ್ಲಿ ಚೂಡಾಮಣಿಯ ನಿವೃತ್ತಿ ಸನ್ಮಾನವೂ ಇತ್ತು. "ಕಾರ್ಡು ಎಲ್ಲೂ ಹೋಗಲ್ಲಮ್ಮ. ಅಂಜನಾಪುರದ ಗೋಡೌನಲ್ಲಿ ಭದ್ರವಾಗಿ ಇಡ್ತೀವಿ. ನೀವು ವೆರಿಫೈ ಆಗಿದೆ ಅಂತ ಒಂದು ಸಹಿ ಹಾಕಿಬಿಡಿ. ಇಲ್ದಿದ್ರೆ ದಾನಿಗಳಿಗೆ ಏನು ಹೇಳೋದು?" ಎಂದರು.

ಅವಳಿಗೆ ಅಷ್ಟು ಹೊತ್ತಿಗೆ ಮಂಡಿ ನೋವು, ಕಣ್ಣು ನೋವು. ಹದಿನೈದು ದಿನದಲ್ಲಿ ಆರು ಸಾವಿರ ಕಾರ್ಡು ತಿರುವಿಹಾಕುವುದು ಆಗದ ಮಾತು. ಜಯದೇವಿಯವರ ಆ ಒಂದು ಕಾರ್ಡನ್ನಾದರೂ ಎತ್ತಿ ಚೀಲಕ್ಕೆ ಹಾಕಿಕೊಳ್ಳಬಹುದಿತ್ತು. ನೆನಪಾಗಲಿಲ್ಲ ಎಂದರೆ ಸುಳ್ಳು. ನೆನಪಾಯಿತು, ನಾಳೆ ತೆಗೆದರಾಯಿತು ಎಂದುಕೊಂಡಳು. ವಸಿಷ್ಠ ಟ್ಯಾಬ್ ಮುಂದೆ ಹಿಡಿದ. ಬೆರಳಿನಲ್ಲಿ ಗೀಚಿದಳು. ಮರುದಿನ ಬಂದಾಗ ಮೆಟ್ಟಿಲ ಕೆಳಗಿನ ಜಾಗ ಖಾಲಿಯಾಗಿತ್ತು. ಪೆಟ್ಟಿಗೆ ಆಗಲೇ ಅಂಜನಾಪುರಕ್ಕೆ ಹೋಗಿತ್ತು.

ಉದ್ಘಾಟನೆಯಾಯಿತು, ಶಾಲು ಹೊದಿಸಿದರು, ಚೂಡಾಮಣಿ ಬನಶಂಕರಿ ಬಡಾವಣೆಯ ತನ್ನ ಮನೆಯಲ್ಲಿ ಉಳಿದಳು. ಮುಂದಿನ ವರ್ಷ ಯಾವುದೋ ಮದುವೆಯಲ್ಲಿ ಸಂಘದ ಹಳೆಯ ಅಟೆಂಡರ್ ದ್ಯಾಮಣ್ಣ ಸಿಕ್ಕ. "ಗೋಡೌನ್ ಖಾಲಿ ಮಾಡಿದ್ರಲ್ಲ ಅಕ್ಕಾ. ಪೆಟ್ಟಿಗೆಯನ್ನ ಯಾರೋ ಹೋಟೆಲ್ನೋರು ತಗೊಂಡ್ರು. ಕಾರ್ಡೆಲ್ಲ ಗುಜರಿಗೆ ಹಾಕಿದ್ರು. ನಾನೇ ಆಟೋಗೆ ತುಂಬಿದ್ದು," ಎಂದ. ಬಡಿಸಿದ್ದನ್ನು ಎಲೆಯಲ್ಲೇ ಬಿಟ್ಟು ಚೂಡಾಮಣಿ ಎದ್ದು ಬಂದಳು. ಜಯದೇವಿಯವರಿಗೆ ಹೇಳಬೇಕು ಎಂದು ಎರಡು ಸಲ ಫೋನು ಎತ್ತಿ ಇಟ್ಟಳು.

ಕೊನೆಗೆ ಫೋನು ಬಂದದ್ದು ಆ ಕಡೆಯಿಂದಲೇ. ಎರಡು ಸಾವಿರದ ಇಪ್ಪತ್ತನಾಲ್ಕರ ಒಂದು ಭಾನುವಾರ, ಬೆಳಗಿನ ತಿಂಡಿಯ ಹೊತ್ತು.

"ಚೂಡಾಮಣಿಯವ್ರಾ? ನಾನು ಜಯದೇವಿ. ಇವತ್ತಿನ ಪೇಪರ್ ನೋಡಿದ್ರಾ? ನನ್ನ ಕಥೆ ಬಂದಿದೆ." ಆಮೇಲೆ, "ಫೋಟೋ ಬೇರೆಯವ್ರದ್ದು," ಎಂದರು.

ಭಾನುವಾರದ ಪುರವಣಿಯಲ್ಲಿ 'ಹೊರಗಿನ ಬೀಗ' ಇಡಿಯಾಗಿ ಅಚ್ಚಾಗಿತ್ತು. ಮೇಲೆ ಹುಲ್ಲೂರು ಜಯದೇವರ ಭಾವಚಿತ್ರ, ಕನ್ನಡಕ, ಗಂಭೀರ ಮುಖ. ಪ್ರೊಫೆಸರು ತೀರಿಕೊಂಡು ಹದಿಮೂರು ವರ್ಷವಾಗಿತ್ತು. ಅವರ ಶಿಷ್ಯರು ಕಟ್ಟಿಕೊಂಡ ಪ್ರತಿಷ್ಠಾನದವರು ಸಂಘದ ಜಾಲತಾಣದಲ್ಲಿ ಗುರುಗಳ ಹೆಸರು ಹುಡುಕಿದ್ದಾರೆ. ಗುರುಗಳೇ ಎಂದೂ ಪ್ರಸ್ತಾಪಿಸದ ಒಂಬತ್ತು ಕಥೆಗಳು ಸಿಕ್ಕಿವೆ. 'ಹುಲ್ಲೂರು ಜಯದೇವರ ಅಜ್ಞಾತ ಕಥೆಗಳು' ಎಂದು ಪುಸ್ತಕ ಮಾಡಿದ್ದಾರೆ. ಕಥೆಯ ಕೆಳಗಿನ ಟಿಪ್ಪಣಿಯಲ್ಲಿ ಬರೆದಿತ್ತು: "ಹೆಣ್ಣಿನ ಒಳಗುದಿಯನ್ನು ಗಂಡಸೊಬ್ಬ ಇಷ್ಟು ಹತ್ತಿರದಿಂದ ಕಂಡದ್ದು ಸೋಜಿಗ."

ಚೂಡಾಮಣಿ ಆಟೋ ಹಿಡಿದು ಪದ್ಮನಾಭನಗರಕ್ಕೆ ಹೋದಳು. ಜಯದೇವಿಯವರಿಗೆ ಆಗ ಎಂಬತ್ತೇಳು. ಪುರವಣಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಅರವತ್ತು ವರ್ಷದ ಮೇಲೆ ತಮ್ಮ ಕಥೆಯನ್ನು ಮೊದಲ ಸಲ ಕೈಯಲ್ಲಿ ಹಿಡಿದಿದ್ದರು.

"ಕೊನೇ ಸಾಲು ಅವತ್ತೇ ತೆಗೆದ್ರು ಸಂಪಾದಕರು," ಎಂದರು. "ಸಂಜೆ ಅವನು ಬಂದಾಗ ಬೀಗ ಅವಳ ಕೈಯಲ್ಲಿತ್ತು, ಅಂತ ಬರ್ದಿದ್ದೆ. ಅದು ಜಾಸ್ತಿ ಆಯ್ತು ಅನ್ನಿಸ್ತೋ ಏನೋ." ಆಮೇಲೆ ನೇರವಾಗಿ ನೋಡಿ, "ಈಗ ಅವ್ರು ಇಲ್ಲ. ಈಗ ನನ್ನ ಹೆಸ್ರು ಹಾಕ್ಸಿ ರೀ," ಎಂದರು.

"ಹಾಕಿಸ್ತೀನಿ ಅಮ್ಮಾ," ಎಂದಳು ಚೂಡಾಮಣಿ. ಕಾರ್ಡಿನ ಗತಿ ಹೇಳಲು ಬಾಯಿ ಬರಲಿಲ್ಲ.

ಹೊರಡುವಾಗ ಗೇಟಿನವರೆಗೂ ಮಗ ಮಹೇಶ್ ಬಂದರು. ನಿವೃತ್ತ ಎಂಜಿನಿಯರು, ಅರವತ್ತು ದಾಟಿದವರು, ಮೆಲುದನಿ.

"ಮೇಡಂ, ಒಂದ್ನಿಮಿಷ. ನಾನೂ ಓದಿದೆ ಆ ಕಥೆ. ನಂಗಾಗ ನಾಲ್ಕೈದು ವರ್ಷ ಇರ್ಬೇಕು. ಅಪ್ಪ ಬೀಗ ಹಾಕ್ಕೊಂಡು ಹೋಗೋರು. ಅಮ್ಮ ಅದನ್ನ ಕಳ್ಳ ಪೊಲೀಸ್ ಆಟ ಅಂತ ಹೇಳ್ತಿದ್ರು ನಂಗೆ."

ಚೂಡಾಮಣಿಗೆ ಉಸಿರು ಬಂದ ಹಾಗಾಯಿತು. "ಅಂದ್ರೆ ನೀವೇ ಸಾಕ್ಷಿ ಸಾರ್! ನೀವೊಂದು ಮಾತು ಹೇಳಿದ್ರೆ ಸಾಕು."

"ಅದಕ್ಕೇ ಹೇಳ್ತಿದ್ದೀನಿ, ಬೇಡ," ಎಂದರು ಮಹೇಶ್. "ಈ ಏರಿಯಾದಲ್ಲಿ ಅಪ್ಪ ಅಂದ್ರೆ ಇವತ್ತಿಗೂ ಕೈ ಮುಗೀತಾರೆ. ಮಠದ ಕಮಿಟಿಯಲ್ಲಿ ಅವ್ರ ಫೋಟೋ ಇದೆ. ಮೊಮ್ಮಕ್ಕಳು ಇದ್ದಾರೆ. ಆ ಕಥೆ ಪ್ರೊಫೆಸರದ್ದೇ ಆಗಿದ್ರೆ ಯಾರಿಗೇನು ನಷ್ಟ ಹೇಳಿ?"

"ನಿಮ್ಮ ಅಮ್ಮಂಗೆ, ಸಾರ್."

ಮಹೇಶ್ ಗೇಟಿನ ಚಿಲಕ ಹಾಕಿಕೊಂಡು ಒಳಗೆ ಹೋದರು.

ಮರುದಿನವೇ ಚೂಡಾಮಣಿ ಸಂಘಕ್ಕೆ ಹೋದಳು. ವಸಿಷ್ಠ ಎದ್ದು ನಿಂತು ಕುರ್ಚಿ ಕೊಟ್ಟ, ಕಾಫಿ ತರಿಸಿದ, ಪೂರ್ತಿ ಕೇಳಿಸಿಕೊಂಡ.

"ನೀವು ಹೇಳೋದು ನಿಜ ಇರ್ಬಹುದು ಮೇಡಂ. ಆದ್ರೆ ಸೋರ್ಸ್ ಬೇಕಲ್ಲ? ಆ ಲೆಟರ್ ಇದ್ಯಾ?"

"ಇಲ್ಲ. ಅವ್ರಿಗೇ ವಾಪಸ್ ಕೊಟ್ಟೆ. ಅವ್ರು ಹರಿದು ಹಾಕಿದ್ರು."

"ನೀವು ಕೊಟ್ರಾ?" ಅವನ ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು. "ಹೋಗ್ಲಿ, ಬೇರೆ ಏನಿದೆ?"

"ಕಾರ್ಡಿನ ಹಿಂದೆ ಬರೆದಿದ್ದೆ. ನೀವು ಗುಜರಿಗೆ ಹಾಕಿದ್ರಲ್ಲ, ಆ ಕಾರ್ಡಿನ ಹಿಂದೆ."

ವಸಿಷ್ಠ ಸ್ವಲ್ಪ ಹೊತ್ತು ಕೀಲಿಮಣೆ ಒತ್ತಿ, ಪರದೆಯನ್ನು ಅವಳ ಕಡೆ ತಿರುಗಿಸಿದ. 'ಹೊರಗಿನ ಬೀಗ. ಲೇಖಕ: ಹುಲ್ಲೂರು ಜಯದೇವ. ಪರಿಶೀಲಿಸಿದವರು: ಎನ್. ಚೂಡಾಮಣಿ.' ಪಕ್ಕದಲ್ಲಿ ಬೆರಳಿನಿಂದ ಗೀಚಿದ ಆ ಸಹಿ.

"ನಾವು ನಮ್ಮಷ್ಟಕ್ಕೆ ಮಾಡಿದ್ದಲ್ಲ ಮೇಡಂ. ನೀವು ಸರಿ ಅಂದಿದ್ದಕ್ಕೇ ಮುಂದಕ್ಕೆ ಹೋಯ್ತು."

ಆದರೂ ಅವನು ಕೆಟ್ಟವನಾಗಲಿಲ್ಲ. ಪ್ರತಿಷ್ಠಾನದ ಕೈಲಾಸ್ ಎಂಬವರ ಜೊತೆ ಮಾತಾಡಿ, ಇಬ್ಬರೂ ಜಯದೇವಿಯವರನ್ನು ಕಂಡು ಬರುವುದೆಂದು ಗೊತ್ತುಮಾಡಿದ. ಚೂಡಾಮಣಿ ಜೊತೆಗೆ ಹೋದಳು. ಸೊಸೆ ಸಂಗೀತಾ ಅವತ್ತು ಅತ್ತೆಗೆ ಹಸಿರಂಚಿನ ಹೊಸ ಇಳಕಲ್ ಸೀರೆ ಉಡಿಸಿದ್ದರು. ಜಯದೇವಿಯವರು ಹಾಲಿನಲ್ಲಿ, ಗಂಡ ಕೂರುತ್ತಿದ್ದ ಕುರ್ಚಿಯಲ್ಲಿ ಕೂತಿದ್ದರು. ಕಾಲೇಜು ಮೇಷ್ಟ್ರಾಗಿದ್ದ ಕೈಲಾಸ್ ಸೌಜನ್ಯವಾಗಿ ಕೇಳಿದರು, "ಅಮ್ಮಾ, ಕಥೆ ನೆನಪಿದೆಯಾ ನಿಮಗೆ?"

ಜಯದೇವಿಯವರು ಒಂಬತ್ತು ಕಥೆಗಳನ್ನೂ ಒಂದೊಂದಾಗಿ ಹೇಳಿದರು. ಕಥೆಯೊಳಗಿನ ಹೆಂಗಸಿನ ಹೆಸರೇನು, ಕಿಟಕಿ ಯಾವ ದಿಕ್ಕಿಗಿತ್ತು, ಯಾವ ಕಥೆ ಯಾವ ತಿಂಗಳು ಬಂತು ಎಲ್ಲ. ಮುಕ್ಕಾಲು ಗಂಟೆ. ಸಂಗೀತಾ ಬಾಗಿಲ ಬಳಿ ನಿಂತು ಕೇಳುತ್ತಿದ್ದರು.

"ಪುಸ್ತಕ ಬಂದು ಮೂರು ತಿಂಗಳಾಯ್ತಲ್ಲ," ಎಂದರು ಕೈಲಾಸ್, ವಸಿಷ್ಠನ ಕಡೆ ತಿರುಗಿ. "ಓದಿದ್ದವರು ಯಾರು ಬೇಕಾದರೂ ಹೇಳಬಹುದು."

"ಕಥೇಲಿ ಕೋಣೆಗೆ ಖೋಲಿ ಅಂತಿದೆ ಸಾರ್," ಎಂದಳು ಚೂಡಾಮಣಿ. "ಇವ್ರ ತವರು ದಾವಣಗೆರೆ ಕಡೆ. ಪ್ರೊಫೆಸರು ಹಾಸನದವರು."

"ದೊಡ್ಡ ಲೇಖಕರು ಪಾತ್ರಕ್ಕೆ ತಕ್ಕ ಭಾಷೆ ತರ್ತಾರಮ್ಮ."

ಆಗ ಜಯದೇವಿಯವರು ಸಂಪಾದಕರು ತೆಗೆದುಹಾಕಿದ ಸಾಲನ್ನು ಹೇಳಿದರು. ವಸಿಷ್ಠನೇ ಮೊದಲು ಬಾಯಿ ತೆರೆದ. "ಅಚ್ಚೇ ಆಗದ ಸಾಲನ್ನ ನಾವು ಯಾವುದರ ಜೊತೆ ಹೋಲಿಸಿ ನೋಡೋದು ಅಜ್ಜಿ?"

ಚೂಡಾಮಣಿ ಮಹೇಶ್ ಅವರತ್ತ ನೋಡಿದಳು. ಜಯದೇವಿಯವರೂ ನೋಡಿದರು. "ಮಹೇಶಾ, ನಿನಗೆ ನೆನಪಿಲ್ವೇನೋ? ಆ ಬೀಗ? ನೀನು ಬಾಗಿಲು ಬಡಿದು ಬಡಿದು ಅಂಗೈ ಕೆಂಪು ಮಾಡ್ಕೊಂಡಿದ್ದೆ."

ಮಹೇಶ್ ಎದ್ದು ಅಮ್ಮನ ಹೆಗಲ ಮೇಲೆ ಕೈಯಿಟ್ಟರು. "ಅಮ್ಮಂಗೆ ಈಚೆಗೆ ಮರೆವು ಜಾಸ್ತಿ ಸಾರ್," ಎಂದರು ಕೈಲಾಸ್‌ಗೆ. "ಓದಿದ್ದು, ಕೇಳಿದ್ದು, ಎಲ್ಲ ತಮ್ಮದೇ ಅನ್ಕೊಂಡುಬಿಡ್ತಾರೆ. ತಪ್ಪು ತಿಳ್ಕೋಬೇಡಿ."

ಕೈಲಾಸ್ ತಲೆದೂಗಿದರು. ಎದ್ದು, ಬಗ್ಗಿ, ಜಯದೇವಿಯವರ ಪಾದ ಮುಟ್ಟಿ ನಮಸ್ಕಾರ ಮಾಡಿ ಹೊರಟರು. ಹೋಗುವಾಗ ಪುಸ್ತಕದ ಒಂದು ಪ್ರತಿಯನ್ನು ಟೀಪಾಯಿಯ ಮೇಲೆ ಇಟ್ಟುಹೋದರು.

ಎಲ್ಲರೂ ಹೋದ ಮೇಲೆ ಚೂಡಾಮಣಿ ಉಳಿದಳು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಕಾರ್ಡಿನ ಹಿಂಬದಿ ಬಿಟ್ಟುಹೋದದ್ದು, ಅದು ತನಗೆ ಗೊತ್ತಿದ್ದದ್ದು, ಗೊತ್ತಿದ್ದೂ ಸಹಿ ಹಾಕಿದ್ದು, ಕಾರ್ಡು ಗುಜರಿಗೆ ಹೋದದ್ದು ಎಲ್ಲ ಹೇಳಿದಳು.

"ನೀವೂ ಸಹಿ ಹಾಕಿದ್ರಾ?" ಎಂದರು ಜಯದೇವಿಯವರು.

"ಹಾಕ್ದೆ ಅಮ್ಮಾ."

"ಕಾಗದ ಹರಿದದ್ದು ನಾನು. ಅದು ನನ್ನ ತಪ್ಪು, ನಾನು ಅನುಭವಿಸ್ತೀನಿ. ಆದ್ರೆ ನನ್ನ ಹೆಸ್ರು ನಿಮ್ಮ ಹತ್ರ ಇದೆ ಅಂತ ಹದಿನಾರು ವರ್ಷ ಸುಮ್ನಿದ್ದೆ ನೋಡ್ರಿ." ಅವರ ದನಿ ಏರಲಿಲ್ಲ. "ಅವ್ರು ಬೀಗ ಹಾಕಿದ್ರು, ನಾನು ಮರಿಯಮ್ಮನ್ನ ನಂಬಿದೆ. ಅವಳು ಒಂದು ಕಾಗದಾನೂ ಕಳೀಲಿಲ್ಲ. ಓದು ಬರಹ ಬರ್ತಿರ್ಲಿಲ್ಲ ಅವಳಿಗೆ."

ಚೂಡಾಮಣಿ ಕ್ಷಮಿಸಿ ಎಂದಳು. ಜಯದೇವಿಯವರು ಗೋಡೆ ಹಿಡಿದುಕೊಂಡು ತಮ್ಮ ಕೋಣೆಗೆ ಹೋದರು. ಬಾಗಿಲು ಹಾಕಿಕೊಂಡ ಸದ್ದಾಯಿತು.

ಆಮೇಲೆ ಚೂಡಾಮಣಿ ಸುಮ್ಮನೆ ಕೂರಲಿಲ್ಲ. ಜಾಲತಾಣದಲ್ಲಿ ದೂರು ಹಾಕಿದಳು. ಹನ್ನೊಂದು ದಿನ ಆ ಕಥೆಗಳ ಕೆಳಗೆ 'ಕರ್ತೃತ್ವ ಪರಿಶೀಲನೆಯಲ್ಲಿದೆ' ಎಂಬ ಸಾಲು ಕಾಣಿಸಿತು. ಹನ್ನೆರಡನೆಯ ದಿನ ಎಲ್ಲ ಎಂಟ್ರಿಗಳನ್ನು ಹೊಸದಾಗಿ ಏರಿಸಿದಾಗ ಆ ಸಾಲು ಮಾಯವಾಯಿತು. ಅವಳ ದೂರಿಗೆ 'ಬಗೆಹರಿಸಲಾಗಿದೆ' ಎಂಬ ಉತ್ತರ ಬಂತು. ಪತ್ರಿಕೆಗೆ ಮೂರು ಪುಟದ ಪತ್ರ ಬರೆದಳು, ಅಚ್ಚಾಗಲಿಲ್ಲ. ಪರಿಶೀಲಿಸಿದವರು ಎಂಬಲ್ಲಿಂದ ತನ್ನ ಹೆಸರನ್ನಾದರೂ ತೆಗೆಯಿರಿ ಎಂದು ಕೇಳಿದಳು. ಒಂದು ಎಂಟ್ರಿಯಿಂದ ತೆಗೆದರೆ ಮೂವತ್ತೆಂಟು ಸಾವಿರದಿಂದಲೂ ಹೋಗುತ್ತದೆ, ಹಾಗೆ ಮಾಡಲು ಕಮಿಟಿ ಒಪ್ಪುವುದಿಲ್ಲ ಎಂದ ವಸಿಷ್ಠ.

"ಬಿಟ್ಬಿಡು ಚೂಡಾ. ನಿನ್ನ ಕೈಲಿ ಆಗಿದ್ದು ಮಾಡಿದ್ಯಲ್ಲ," ಎಂದ ಜಯಸಿಂಹ.

"ಆಗಿದ್ದು ಮಾಡ್ಲಿಲ್ಲ ಕಣ್ರೀ. ಒಂದು ಕಾರ್ಡು ಎತ್ತಿಕೊಳ್ಳೋದು ಆಗ್ತಿತ್ತು," ಎಂದಳು. ಅವನು ಟಿವಿಯ ದನಿ ಕಡಿಮೆ ಮಾಡಿದ.

ಮಳೆಗಾಲದ ನಂತರ ಎರಡು ಸಲ ಪದ್ಮನಾಭನಗರಕ್ಕೆ ಹೋದಳು. ಎರಡೂ ಸಲ ಸಂಗೀತಾ ಬಾಗಿಲಲ್ಲೇ, "ಮಲಗಿದ್ದಾರೆ ಆಂಟಿ," ಎಂದರು. ಎರಡನೆಯ ಸಲ ದನಿ ತಗ್ಗಿಸಿ ಸೇರಿಸಿದರು, "ಆ ಪುಸ್ತಕದಲ್ಲಿ ಪ್ರತಿ ಕಥೆ ಕೆಳಗೂ ಪೆನ್ನಲ್ಲಿ ಏನೋ ಬರೀತಿದ್ರು. ಇವ್ರು ನೋಡಿ ಎತ್ತಿಟ್ರು. ಎಲ್ಲಿಟ್ರೋ ಗೊತ್ತಿಲ್ಲ."

ಜಯದೇವಿಯವರು ಹೋದದ್ದು ಮರುವರ್ಷ ಫೆಬ್ರವರಿಯಲ್ಲಿ. ಆ ವರ್ಷವೇ 'ಹೊರಗಿನ ಬೀಗ' ಪದವಿಯ ಮೊದಲ ವರ್ಷಕ್ಕೆ ಪಠ್ಯವಾಗಿತ್ತು. ಚೂಡಾಮಣಿಗೆ ಸುದ್ದಿ ತಿಳಿದದ್ದು ಪತ್ರಿಕೆಯ ಮೂಲೆಯ ಸಣ್ಣ ಪ್ರಕಟಣೆಯಿಂದ. 'ದಿವಂಗತ ಶಂಭುಲಿಂಗಪ್ಪನವರ ಧರ್ಮಪತ್ನಿ' ಎಂದಿತ್ತು. ಅವರ ಹೆಸರು ಎರಡನೆಯ ಸಾಲಿನಲ್ಲಿತ್ತು, ಗುಡಿಸು ಸರಿಯಾಗಿತ್ತು.

ಶಿವಗಣಾರಾಧನೆಗೆ ಹೋದಳು. ಮನೆಯ ಹತ್ತಿರದ ಸಮುದಾಯ ಭವನ, ನೂರೈವತ್ತು ಜನ. ಹೂವಿನ ಹಾರದೊಳಗೆ ಶಂಭುಲಿಂಗಪ್ಪನವರ ಫೋಟೋ, ಪಕ್ಕದಲ್ಲಿ ಅದಕ್ಕಿಂತ ಚಿಕ್ಕದಾದ ಜಯದೇವಿಯವರ ಫೋಟೋ. ಮಹೇಶ್ ಅವಳನ್ನು ಕಂಡು ಹತ್ತಿರ ಬಂದು, ತಾವೇ ಜಾಗ ತೋರಿಸಿ ಕೂರಿಸಿದರು. ಪಕ್ಕದ ಎಲೆಯಲ್ಲಿ ಕೂತಿದ್ದ ದಾವಣಗೆರೆಯ ಹಿರಿಯರೊಬ್ಬರು ಕೇಳಿದರು, "ಇವರು ಯಾರಪಾ ಮಹೇಶ? ನಾ ನೋಡೇ ಇಲ್ಲ."

ಚೂಡಾಮಣಿ ಬಾಯಿ ತೆರೆಯುವಷ್ಟರಲ್ಲಿ ಮಹೇಶ್ ಹೇಳಿದರು, "ಅಪ್ಪನ ಕಡೆ ಪರಿಚಯದವರು, ಕಾಕಾ."

ಹಿರಿಯರು ಕೈ ಮುಗಿದರು. "ಭಾಳ ದೊಡ್ಡ ಮನುಷ್ಯ ಶಂಭುಲಿಂಗಪ್ಪ."

ಬಡಿಸುವವರು ಹೋಳಿಗೆ ತಂದು ಎಲೆಯ ಮುಂದೆ ನಿಂತಿದ್ದರು. ಚೂಡಾಮಣಿ ತಲೆಯಾಡಿಸಿ, ಹಾಕಿ ಎಂದಳು.